ಬಳಸಿದ ವಿದ್ಯುತ್ ಕಾರಿನ ವಿಶ್ವಾಸಾರ್ಹತೆ: ರೇವಾ ಕಾರಿನ ನಿದರ್ಶನ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಒಂದು ಊರಿನಲ್ಲಿ ವಾಸವಾಗಿದ್ದು ಇನ್ನೊಂದರ ಕಾಲೇಜಿಗೆ ನಿತ್ಯ ಹೋಗಿಬರುವ ಅಧ್ಯಾಪಕರಿಗೆ, ಅಲ್ಪ ಬೆಲೆಗೆ ದೊರೆಯುವ ಹಳೆಯ ವಿದ್ಯುತ್ ಕಾರು ಆಕರ್ಷಕವಾಗಿ ತೋರುವುದು ಸಹಜ. ಅಂಥ ಕಾರು ಎಷ್ಟರ ಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ವಿಚಾರಿಸುವುದಕ್ಕೆ ಕರ್ನಾಟಕದಲ್ಲಿಯೇ ಹುಟ್ಟಿದ ರೇವಾ ಕಾರಿನ ಚರಿತ್ರೆ ಒಳ್ಳೆಯ ಆಧಾರವಾಗಿದೆ.

ಚೇತನ್ ಮೈನಿಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾದ ಈ ಪುಟ್ಟ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಸಂಸ್ಥೆಯು ಮಹೀಂದ್ರದವರ ವಶವಾಯಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಹೊರಬಂದಿತು. ಇವೆರಡರ ತಯಾರಿಕೆಯೂ ನಿಂತಿರುವುದರಿಂದ ಈಗ ದೊರೆಯುವುದೆಲ್ಲ ಬಳಸಿದ ಕಾರೇ.

ಗೇರು, ಕ್ಲಚ್ಚುಗಳ ತೊಡಕಿಲ್ಲದ ಈ ಬಗೆಯ ಕಾರಿನಲ್ಲಿ ಯಂತ್ರಭಾಗ ಬೇಗನೆ ಸವೆಯುವುದಿಲ್ಲ. ಮುಪ್ಪು ಬರುವುದು ಬ್ಯಾಟರಿಗೆ. ಮೊದಲ ರೇವಾದಲ್ಲಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟ್ ಪಡೆಯಲಾಗಿತ್ತು. ಸಾಲಿನಲ್ಲಿ ಎಲ್ಲಕ್ಕೂ ಒಂದೇ ಪ್ರವಾಹ ಹರಿಯತಕ್ಕದ್ದಾದುದರಿಂದ, ಎಂಟರಲ್ಲಿ ಒಂದು ಕ್ಷೀಣಿಸಿದರೂ ಕಾರಿನ ಓಟ ಆ ಒಂದರ ಮಟ್ಟಕ್ಕೆ ಇಳಿಯುತ್ತದೆ. ಬರಿದಾದ ಬ್ಯಾಟರಿಯನ್ನು ಚಾರ್ಜು ಮಾಡದೆ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ನಿಲ್ಲುತ್ತದೆ. ಭಟ್ಟಿಯಿಳಿಸಿದ ನೀರನ್ನು ಕಾಲಕಾಲಕ್ಕೆ ತುಂಬದಿದ್ದರೆ ಫಲಕಗಳೇ ಒಣಗುತ್ತವೆ. ನಮ್ಮ ಸೀಮೆಯ ಬೇಸಗೆಯ ಕಾವು ಈ ಕ್ಷಯವನ್ನು ತ್ವರಿತಗೊಳಿಸುತ್ತದೆ. ಆದುದರಿಂದ ಕಡಿಮೆ ಓಡಿದ ಕಾರೆಂಬುದು ಇಲ್ಲಿ ಗುಣವೇ ಆಗಬೇಕಾಗಿಲ್ಲ. ದೀರ್ಘ ರಜೆಯಲ್ಲಿ ಕೊಟ್ಟಿಗೆಯಲ್ಲಿ ನಿಂತ ಕಾರು, ನಿತ್ಯ ಓಡಿದುದಕ್ಕಿಂತ ಹೆಚ್ಚು ಕೆಟ್ಟಿರಬಹುದು.

ಹೊಸತರಲ್ಲಿ ಒಂದು ಚಾರ್ಜಿಗೆ 80 ಕಿ.ಮೀ. ಎಂಬುದು ತಯಾರಕರ ಮಾತು. ಶಾಸನದ ಪ್ರಶಸ್ತಿಭಾಗವನ್ನು ಓದುವಾಗ ಇರಬೇಕಾದ ಎಚ್ಚರ ಇಲ್ಲಿಯೂ ಇರಲಿ. ಆ ಮಾತನ್ನು ಪೂರ್ತಿ ಒಪ್ಪಿದರೂ, ಬ್ಯಾಟರಿಯ ಸಾಮರ್ಥ್ಯ ಶೇಕಡಾ 80ಕ್ಕೆ ಇಳಿದಾಗ ಉಳಿಯುವುದು 64 ಕಿ.ಮೀ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗಿಬರುವ ದಾರಿಯೇ 60 ಕಿ.ಮೀ. ಮೀರುತ್ತದೆ, ಕಾಲೇಜಿನಲ್ಲಿ ಚಾರ್ಜು ಮಾಡುವ ಅನುಕೂಲವಿಲ್ಲದವರು ನಡುದಾರಿಯಲ್ಲಿ ನಿಲ್ಲುವ ಭಯವಿದೆ. ಬ್ಯಾಡಗಿ ಅಷ್ಟು ದೂರವಲ್ಲ. ಅಲ್ಲಿಗೆ ಇದು ಸಾಕಾದೀತು. ಹೆದ್ದಾರಿಯ ವಿಷಯದಲ್ಲಿ ಇನ್ನೊಂದು ಮಾತನ್ನೂ ನೆನೆಯಬೇಕು: 2007ರಲ್ಲಿ ಬ್ರಿಟನ್ನಿನ ಸಾರಿಗೆ ಇಲಾಖೆಯ ಪರೀಕ್ಷೆಯು ಜಿ-ವಿಜ್‌ನ ಸುರಕ್ಷತೆಯ ಬಗ್ಗೆ ಗಂಭೀರ ಶಂಕೆಯನ್ನು ವ್ಯಕ್ತಪಡಿಸಿತ್ತು. ಲಾರಿಗಳ ನಡುವೆ ಇದನ್ನು ನಡೆಸುವುದು ನನ್ನ ಅಭಿಪ್ರಾಯದಲ್ಲಿ ವಿವೇಕವಲ್ಲ.

ಇ2ಒದ ಲಿಥಿಯಂ ಬ್ಯಾಟರಿಗೆ ನೀರು ತುಂಬುವ ಗೊಡವೆಯಿಲ್ಲ. ಆದರೆ ಅದರ ಕೋಶಗಳೂ ವಯಸ್ಸಾದಂತೆ ಸಮತೋಲ ತಪ್ಪುತ್ತವೆ. ದೋಷ ಬಂದರೆ ಊರಿನ ಮೆಕ್ಯಾನಿಕ್ಕು ಬಿಚ್ಚಿ ನೋಡುವ ವಸ್ತು ಅದಲ್ಲ. ಬದಲಿ ಬ್ಯಾಟರಿ ಎಲ್ಲಿ, ಯಾವ ಬೆಲೆಗೆ ದೊರೆಯುವುದೆಂದು ಕೊಳ್ಳುವ ಮೊದಲೇ ವಿಚಾರಿಸತಕ್ಕದ್ದು.

ರೇವಾವನ್ನು ನೋಡಹೋದವರು ಪೂರ್ತಿ ಚಾರ್ಜು ಮಾಡಿಸಿ, ಬ್ಯಾಡಗಿಯವರೆಗಾದರೂ ಓಡಿಸಿ, ಬಳಿಕ ಎಂಟೂ ಬ್ಯಾಟರಿಗಳ ವೋಲ್ಟೇಜನ್ನು ಭಾರ ಹಾಕಿದ ಸ್ಥಿತಿಯಲ್ಲಿ ಬೇರೆಬೇರೆಯಾಗಿ ಅಳೆಯಿಸಬೇಕು. ಸುಮ್ಮನೆ ನಿಂತಿರುವಾಗ ಸತ್ತ ಬ್ಯಾಟರಿಯೂ ಬಹುಮಟ್ಟಿಗೆ ಸರಿಯಾದ ಅಂಕಿಯನ್ನೇ ತೋರಿಸುತ್ತದೆ.