ಬೆಲೆಯೊಳಗೆ ಅಡಗಿದ ಸುಂಕ: ಹೊರನಾಡ ಕನ್ನಡಿಗರ ಮನೆವಾರ್ತೆಯೂ ರಾಜ್ಯಗಳ ತೆರಿಗೆಯೂ

ಕನ್ನಡ ಶಾಸನಗಳನ್ನು ಓದುವವರಿಗೆ ತೆರಿಗೆಯ ಹೆಸರುಗಳ ಸಂಖ್ಯೆಯೇ ಮೊದಲು ಬೆರಗು ಹುಟ್ಟಿಸುತ್ತದೆ. ಗಾಣಕ್ಕೆ ಗಾಣದೆರೆ, ಮಗ್ಗಕ್ಕೆ ಮಗ್ಗದೆರೆ, ಮನೆಗೆ ಮನೆವಣ, ಭೂಮಿಗೆ ಸಿದ್ಧಾಯ, ದಾರಿಯಲ್ಲಿ ಸಾಗುವ ಸರಕಿಗೆ ಸುಂಕ, ಅದರಲ್ಲಿಯೂ ಹಿರಿದಾದುದಕ್ಕೆ ಪೆರ್ಜುಂಕ ಅಥವಾ ಹೆಜ್ಜುಂಕ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಒಟ್ಟೊಟ್ಟಿಗೆ ಬರುತ್ತವೆ. ಸುಂಕದ ಅಧಿಕಾರಿಗಳು ಇಂತಿಷ್ಟು ಎತ್ತಿನ ಹೇರಿನ ಸುಂಕವನ್ನು ದೇವಾಲಯದ ನಂದಾದೀವಿಗೆಗೆ ಬಿಟ್ಟುಕೊಟ್ಟ ಉದಾಹರಣೆಗಳೂ ಹೇರಳವಾಗಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನಿಗೆ ಸುಂಕದ ಬಂಕಣ್ಣನೆಂದು ಕಾಯಕದಿಂದಲೇ ಹೆಸರು ಬಂದಿದೆ. ಬೆಂಗಳೂರಿನ ಒಂದು ಬಡಾವಣೆಗೆ ಇಂದಿಗೂ ಸುಂಕದಕಟ್ಟೆಯೆಂದೇ ಹೆಸರು.

ಈ ಹೆಸರುಗಳನ್ನು ನಾವು ಇಲ್ಲಿ ನೆನೆಯುತ್ತಿರುವುದು ಗತವೈಭವದ ವರ್ಣನೆಗಾಗಿ ಅಲ್ಲ. ಆ ತೆರಿಗೆಗಳು ಹಗುರವಾಗಿರಲಿಲ್ಲ. ವಿಜಯನಗರದ ಆಳ್ವಿಕೆಯಲ್ಲಿದ್ದ ತಮಿಳು ಸೀಮೆಯಲ್ಲಿ, 1429ರಲ್ಲಿ, ಬಲಗೈ ಎಡಗೈ ಪಂಗಡಗಳೆರಡೂ ತಮ್ಮ ಜಗಳವನ್ನು ಬದಿಗಿಟ್ಟು ಒಂದಾಗಿ, ಯಾವ ತೆರಿಗೆಯನ್ನು ಎಷ್ಟು ಕೊಡುವುದೆಂಬುದನ್ನು ತಾವೇ ನಿಶ್ಚಯಿಸಿ ಕಲ್ಲಿನಲ್ಲಿ ಕೊರೆಸಿದರು. ವಿಜಯನಗರದ ಶಾಸನಗಳಲ್ಲಿ ಮದುವೆಯ ಸುಂಕವನ್ನು ಬಿಟ್ಟುಕೊಟ್ಟ ಉಲ್ಲೇಖಗಳಿವೆ; ಸದಾಶಿವರಾಯನ ಕಾಲದಲ್ಲಿ ಅಳಿಯ ರಾಮರಾಯನು ನಾಪಿತರ ತೆರಿಗೆಯನ್ನು ಮನ್ನಾ ಮಾಡಿದ ಶಾಸನಗಳು ಒಂದಲ್ಲ, ಹಲವು ದೊರೆತಿವೆ. ನಾಪಿತನಿಗೆ ತಾನು ಕೊಡುತ್ತಿರುವುದು ಏನೆಂಬುದು ತಿಳಿದಿತ್ತು. ಆದುದರಿಂದಲೇ ಅದನ್ನು ಬಿಡಿಸಿಕೊಡಿರೆಂದು ಕೇಳುವುದೂ ಅವನಿಗೆ ಸಾಧ್ಯವಾಯಿತು. ಇಂದಿನ ನಗರವಾಸಿಯ ಸ್ಥಿತಿ ಇದಕ್ಕಿಂತ ಭಿನ್ನವಾಗಿದೆ. ಅವನು ರಾಜ್ಯಕ್ಕೆ ಕೊಡುವುದರಲ್ಲಿ ಹೆಸರಿರುವ ಭಾಗ ಚಿಕ್ಕದು, ಬೆಲೆಯೊಳಗೆ ಕರಗಿಹೋದ ಭಾಗ ದೊಡ್ಡದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆವಾರ್ತೆಯನ್ನು ಮುಂದಿಟ್ಟುಕೊಂಡು ಈ ಎರಡು ಭಾಗಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿರುವುದರಿಂದಲೇ ತೊಡಗೋಣ. ಮನೆಯ ತೆರಿಗೆಗೆ ಮೈಸೂರು ಸೀಮೆಯವರು ಕಂದಾಯವೆಂದರೆ ಧಾರವಾಡದವರು ಪಟ್ಟಿ ಎನ್ನುತ್ತಾರೆ. ಪುಣೆಗೆ ಹೋದ ಧಾರವಾಡದವರಿಗೆ ಅಲ್ಲಿಯ ಘರ್‌ಪಟ್ಟಿ, ಪಾಣಿಪಟ್ಟಿಗಳು ಪರಕೀಯವೆನಿಸುವುದಿಲ್ಲ. ಚೆನ್ನೈಗೆ ಹೋದವರು ವರಿ ಎಂಬುದನ್ನೂ ಹೈದರಾಬಾದಿಗೆ ಹೋದವರು ಪನ್ನು ಎಂಬುದನ್ನೂ ಕಲಿಯಬೇಕಾಗುತ್ತದೆ. ಬಾಡಿಗೆಯ ಮನೆಯಲ್ಲಿರುವವರಿಗೆ ಮಾತ್ರ ಈ ಹೆಸರಿನ ಚೀಟಿ ಎಂದೂ ಕೈಗೆ ಬರುವುದಿಲ್ಲ. ಮಾಲೀಕನು ಕಟ್ಟುವ ತೆರಿಗೆ ಬಾಡಿಗೆಯಲ್ಲಿ ಸೇರಿರುತ್ತದೆ.

ಸಂಬಳದ ಚೀಟಿಯಲ್ಲಿ ಎದ್ದು ಕಾಣುವ ರಾಜ್ಯದ ತೆರಿಗೆ ಒಂದೇ, ವೃತ್ತಿ ತೆರಿಗೆ. ಸಂವಿಧಾನದ 276ನೆಯ ವಿಧಿಯು ಇದಕ್ಕೆ ಮೇಲಿನ ಮಿತಿಯೊಂದನ್ನು ಹಾಕಿದೆ. ಮೊದಲು ವರ್ಷಕ್ಕೆ 250 ರೂಪಾಯಿ ಇದ್ದ ಆ ಮಿತಿಯನ್ನು 1988ರ ಅರುವತ್ತನೆಯ ತಿದ್ದುಪಡಿಯು 2,500 ರೂಪಾಯಿಗೆ ಏರಿಸಿತು. ಅಲ್ಲಿಂದೀಚೆಗೆ ಅದು ಬದಲಾಗಿಲ್ಲ. ಮಹಾರಾಷ್ಟ್ರದಲ್ಲಿ ಹನ್ನೊಂದು ತಿಂಗಳು 200 ರೂಪಾಯಿ ಹಿಡಿದು ಫೆಬ್ರವರಿಯಲ್ಲಿ ಮಾತ್ರ 300 ಹಿಡಿಯುವುದೇಕೆಂದು ಕೇಳುವವರುಂಟು. ಲೆಕ್ಕ ಸರಳವಾದುದು: ಹನ್ನೊಂದು ತಿಂಗಳ 2,200ಕ್ಕೆ 300 ಸೇರಿದರೆ ಸಂವಿಧಾನದ ಗಡಿ ಸರಿಯಾಗಿ ಮುಟ್ಟುತ್ತದೆ. ಕರ್ನಾಟಕವೂ 2025ರಲ್ಲಿ ಇದೇ ಕ್ರಮವನ್ನು ಅನುಸರಿಸಿತು.

ಗಡಿ ಒಂದೇ ಆದರೂ ಅದರ ಕೆಳಗಿನ ಏರ್ಪಾಡು ರಾಜ್ಯದಿಂದ ರಾಜ್ಯಕ್ಕೆ ಬೇರೆ. ತಿಂಗಳಿಗೆ 18,000 ರೂಪಾಯಿ ದುಡಿಯುವ ಒಬ್ಬ ಕನ್ನಡಿಗನನ್ನು ಕಲ್ಪಿಸಿಕೊಳ್ಳೋಣ. 2023ರ ಏಪ್ರಿಲಿನಲ್ಲಿ ಕರ್ನಾಟಕವು ವಿನಾಯಿತಿಯ ಮಿತಿಯನ್ನು 15,000ದಿಂದ 25,000ಕ್ಕೆ ಏರಿಸಿದುದರಿಂದ ಬೆಂಗಳೂರಿನಲ್ಲಿ ಅವನು ಏನನ್ನೂ ಕೊಡಬೇಕಿಲ್ಲ. ದೆಹಲಿಯಲ್ಲಿ ಈ ತೆರಿಗೆಯೇ ಇಲ್ಲ. ಹೈದರಾಬಾದಿನಲ್ಲಿ ತಿಂಗಳಿಗೆ 150ರಂತೆ ವರ್ಷಕ್ಕೆ 1,800 ರೂಪಾಯಿ. ಪುಣೆಯಲ್ಲಿ ಪೂರ್ಣ 2,500. ಅದೇ ಸಂಬಳದ ಹೆಂಗಸಿಗೆ ಮಹಾರಾಷ್ಟ್ರವು 2023ರಿಂದ ವಿನಾಯಿತಿ ಕೊಟ್ಟಿದೆ. ತಮಿಳುನಾಡಿನಲ್ಲಿ ಇದನ್ನು ಸ್ಥಳೀಯ ಸಂಸ್ಥೆಗಳು ಆರು ತಿಂಗಳಿಗೊಮ್ಮೆ ವಸೂಲು ಮಾಡುತ್ತವೆ. ಇನ್ನೊಂದು ಅಂಶವೂ ಗಮನಾರ್ಹ. ಮಹಾರಾಷ್ಟ್ರದಲ್ಲಿ ತಿಂಗಳಿಗೆ 12,000 ದುಡಿಯುವ ಗಂಡಸಿಗೆ ಈ 2,500 ರೂಪಾಯಿ ಅವನ ವರ್ಷದ ಆದಾಯದ ನೂರಕ್ಕೆ 1.7ರಷ್ಟಾಗುತ್ತದೆ, ತಿಂಗಳಿಗೆ ಎರಡು ಲಕ್ಷ ದುಡಿಯುವವನಿಗೆ ನೂರಕ್ಕೆ 0.1 ಮಾತ್ರ. ಉಳ್ಳವನ ರಕ್ಷಣೆಗೆಂದೇ ಹಾಕಿದ ಮಿತಿಯಂತೆ ಇದು ಈಗ ತೋರುತ್ತದೆ.

ಆದರೂ ಈ ತೆರಿಗೆಗೆ ಒಂದು ಮಿತಿಯಾದರೂ ಇದೆಯಲ್ಲ! ಬೆಲೆಯೊಳಗಿನ ತೆರಿಗೆಗೆ ಬಂದರೆ ಅಂಥ ಮಿತಿ ಕಾಣುವುದಿಲ್ಲ. ಮುಂಬಯಿ ಕನ್ನಡಿಗರ ಹಿರಿಯ ತಲೆಮಾರಿಗೆ ಇದರ ಪರಿಚಯವಾದುದು ಜಕಾತಿಯ ಮೂಲಕ. ಅರಬ್ಬಿಯಿಂದ ಹೊರಟು ಮರಾಠಿಯ ಮೂಲಕ ಬಂದ ಈ ಶಬ್ದ ಉತ್ತರ ಕರ್ನಾಟಕದ ಬಳಕೆಯಲ್ಲಿಯೂ ಉಳಿದಿದೆ. ಕರ್ನಾಟಕವು 1979ರಲ್ಲಿ ಆಕ್ಟ್ರಾಯ್ ಪದ್ಧತಿಯನ್ನು ತೆಗೆದು ಪ್ರವೇಶ ತೆರಿಗೆಯನ್ನು ತಂದಿತು. ಮುಂಬಯಿಯಲ್ಲಿ ಮಾತ್ರ ಮುಲುಂಡ್, ದಹಿಸರ್ ನಾಕಾಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವುದು 2017ರ ಜುಲೈ 1ರವರೆಗೂ ನಡೆಯಿತು. ಜಕಾತಿಯನ್ನು ಕೊಳ್ಳುವವನು ಕಟ್ಟುತ್ತಿರಲಿಲ್ಲ, ಲಾರಿಯವನು ಕಟ್ಟುತ್ತಿದ್ದ. ಆದರೂ ನಾಕಾ ಕಣ್ಣಿಗೆ ಕಾಣುತ್ತಿತ್ತು. ‘ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಹುಟ್ಟಬೇಕಾದರೆ ಎದುರಿಗೆ ಒಬ್ಬ ಸುಂಕದವನಾದರೂ ಇರಬೇಕಷ್ಟೆ.

2017ರಲ್ಲಿ ಬಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ, ರಾಜ್ಯಗಳ ಮಾರಾಟ ತೆರಿಗೆ, ಪ್ರವೇಶ ತೆರಿಗೆ, ಜಕಾತಿ ಮೊದಲಾದುವನ್ನು ತನ್ನೊಳಗೆ ಸೇರಿಸಿಕೊಂಡಿತು. ಇದರ ಒಂದು ನಿಯಮ ಹೊರನಾಡಿನವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಸರಕು ಎಲ್ಲಿ ತಯಾರಾಯಿತೆಂಬುದು ಮುಖ್ಯವಲ್ಲ, ಎಲ್ಲಿ ಬಳಕೆಯಾಯಿತೋ ಆ ರಾಜ್ಯಕ್ಕೆ ಪಾಲು. ಬೆಂಗಳೂರಿನಲ್ಲಿ ತಯಾರಾದ ಮೈಸೂರು ಸ್ಯಾಂಡಲ್ ಸಾಬೂನನ್ನು ದಾದರಿನ ಅಂಗಡಿಯಲ್ಲಿ ಕೊಂಡರೆ ತೆರಿಗೆಯ ಅರ್ಧ ಕೇಂದ್ರಕ್ಕೆ, ಇನ್ನರ್ಧ ಮಹಾರಾಷ್ಟ್ರಕ್ಕೆ. 2025ರ ಸೆಪ್ಟೆಂಬರ್ 22ರಂದು ಮೈಸಾಬೂನಿನ ಮೇಲಿನ ದರ ನೂರಕ್ಕೆ 18ರಿಂದ 5ಕ್ಕೆ ಇಳಿಯಿತು. ಮಹಾರಾಷ್ಟ್ರದ ಪಾಲು 9ರಿಂದ ಎರಡೂವರೆಗೆ ಇಳಿಯಿತು. ಪೊಟ್ಟಣದ ಮೇಲೆ ಎಲ್ಲ ತೆರಿಗೆಗಳೂ ಸೇರಿ ಎಂಬ ಒಂದು ಸಾಲು ಮಾತ್ರ ಇರುವುದರಿಂದ ಕೊಳ್ಳುವವನಿಗೆ ಈ ಯಾವುದೂ ಕಾಣದು.

ಉಡುಪಿ ಹೋಟೆಲಿನ ಒಂದು ತಟ್ಟೆ ಇಡ್ಲಿಯನ್ನು ತೆಗೆದುಕೊಂಡರೆ ವಿಷಯ ಇನ್ನಷ್ಟು ವಿಶದವಾಗುತ್ತದೆ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳ ಊಟ ತಿಂಡಿಗೆ ನೂರಕ್ಕೆ 5ರ ತೆರಿಗೆ. ಹಿಂದಿನ 12, 18ಕ್ಕೆ ಹೋಲಿಸಿದರೆ ಇದು ದೊಡ್ಡ ಇಳಿತವೆಂದೇ ಎಲ್ಲರೂ ಭಾವಿಸಿದರು. ಆದರೆ ಅದರೊಡನೆ ಒಂದು ಷರತ್ತು ಬಂದಿತು: ಹೋಟೆಲಿನವನು ತಾನು ಕೊಂಡ ವಸ್ತುಗಳ ಮೇಲೆ ಕೊಟ್ಟ ತೆರಿಗೆಯನ್ನು ಇದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ವಾಣಿಜ್ಯ ಬಳಕೆಯ ಅಡುಗೆ ಅನಿಲದ ಮೇಲೆ 18, ನೋಂದಾಯಿತ ಮಾಲೀಕನಿಗೆ ಕೊಡುವ ಅಂಗಡಿ ಬಾಡಿಗೆಯ ಮೇಲೆ 18. ಇವೆಲ್ಲ ಅವನ ಖರ್ಚಿನ ಪುಸ್ತಕದಲ್ಲಿ ನಿಂತು ಇಡ್ಲಿಯ ಬೆಲೆಯಾಗಿ ಹೊರಬರುತ್ತವೆ. ಬಿಲ್ಲಿನಲ್ಲಿ ಕಾಣುವ ಐದು ಹೀಗೆ ಇಡ್ಲಿಯೊಳಗಿನ ತೆರಿಗೆಯ ಒಂದಂಶ ಮಾತ್ರ. ವಹಿವಾಟು ಒಂದೂವರೆ ಕೋಟಿಯನ್ನು ಮೀರದ ಹೋಟೆಲು ಸರಳ ಪದ್ಧತಿಯನ್ನು ಆರಿಸಿಕೊಂಡಿದ್ದರೆ ಬಿಲ್ಲಿನಲ್ಲಿ ಆ ಐದೂ ಕಾಣುವುದಿಲ್ಲ, ಏಕೆಂದರೆ ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ಪಡೆಯಲು ಅವನಿಗೆ ಅವಕಾಶವಿಲ್ಲ. ತನ್ನ ವಹಿವಾಟಿನ ಮೇಲೆ ತಾನೇ ಕಟ್ಟಬೇಕು. ತೆರಿಗೆ ಇಲ್ಲದ ಬಿಲ್ಲೆಂದು ಸಂತೋಷಪಡುವ ಗಿರಾಕಿಯೂ ಅದನ್ನು ಕೊಟ್ಟೇ ಇರುತ್ತಾನೆ.

ಅಕ್ಕಿಯ ವಿಷಯದಲ್ಲಿ ಒಂದು ವಿನೋದವೂ ಉಂಟು. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ಕಟ್ಟಿ ಚೀಟಿ ಅಂಟಿಸಿದ ಅಕ್ಕಿ ಚೀಲಕ್ಕೆ ನೂರಕ್ಕೆ 5ರ ತೆರಿಗೆ ಬಂದಿತು. ಅದಕ್ಕಿಂತ ದೊಡ್ಡ ಚೀಲಕ್ಕೂ ಬಿಡಿಯಾಗಿ ತೂಗಿಕೊಟ್ಟ ಅಕ್ಕಿಗೂ ಇಲ್ಲ. ಕೆಲವೇ ದಿನಗಳಲ್ಲಿ ತಮಿಳುನಾಡಿನ ವರ್ತಕರು 26 ಕಿಲೋ ಚೀಲಗಳನ್ನು ಮಾರುಕಟ್ಟೆಗೆ ತಂದರು! ಸುಂಕ ತಪ್ಪಿಸಲೆಂದು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದವನಿಗೆ ಸುಂಕದ ಕಟ್ಟೆಯ ಮುಂದೆಯೇ ಬೆಳಗಾದ ಕಥೆಯನ್ನು ಸಂಸ್ಕೃತದವರು ಘಟ್ಟಕುಟೀಪ್ರಭಾತನ್ಯಾಯವೆನ್ನುತ್ತಾರೆ. ಈ ವರ್ತಕರಿಗೆ ಮಾತ್ರ ಅಡ್ಡದಾರಿ ಸಿಕ್ಕಿತೆನ್ನಬೇಕು. ಆದರೆ ಒಮ್ಮೆಗೆ 26 ಕಿಲೋ ಕೊಳ್ಳಲು ಕೈಯಲ್ಲಿ ಹಣವಿಲ್ಲದೆ ಐದು ಕಿಲೋ ಪೊಟ್ಟಣ ಕೊಳ್ಳುವ ಮನೆಯವರು ತೆರಿಗೆ ಕೊಡುತ್ತಾರೆ, ದೊಡ್ಡ ಚೀಲ ತರುವವರು ಕೊಡುವುದಿಲ್ಲ ಎಂಬುದು ವಿನೋದದ ಮಾತಲ್ಲ.

ಇನ್ನು ಇಂಧನ. ಜಿಎಸ್‌ಟಿ ಬಂದಮೇಲೆ ರಾಜ್ಯಗಳು ಸ್ವತಂತ್ರವಾಗಿ ಏರಿಳಿಸಬಹುದಾದ ಬಾಬುಗಳು ಕೆಲವೇ ಉಳಿದವು: ಪೆಟ್ರೋಲು, ಡೀಸೆಲು, ಮದ್ಯ, ಮುದ್ರಾಂಕ ಶುಲ್ಕ, ವಾಹನ ತೆರಿಗೆ, ವಿದ್ಯುತ್ ತೆರಿಗೆ. ಬೊಕ್ಕಸಕ್ಕೆ ಹಣ ಬೇಕಾದಾಗಲೆಲ್ಲ ರಾಜ್ಯದ ಕಣ್ಣು ಇವುಗಳ ಮೇಲೆಯೇ ಬೀಳುತ್ತದೆ. ಕರ್ನಾಟಕವು 2024ರ ಜೂನ್ 15ರಂದು ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆಯನ್ನು 25.92ರಿಂದ 29.84ಕ್ಕೂ, ಡೀಸೆಲಿನದನ್ನು 14.34ರಿಂದ 18.44ಕ್ಕೂ ಏರಿಸಿತು, 2025ರ ಏಪ್ರಿಲಿನಲ್ಲಿ ಡೀಸೆಲು ಮತ್ತೆ 21.17ಕ್ಕೆ ಏರಿತು. ಇದಕ್ಕೆ ಪ್ರತಿಯಾಗಿ, ದೆಹಲಿಯು 2021ರ ಡಿಸೆಂಬರಿನಲ್ಲಿ ಪೆಟ್ರೋಲಿನ ಮೇಲೆ 30 ಇದ್ದುದನ್ನು 19.40ಕ್ಕೆ ಇಳಿಸಿತ್ತು. ಮುಂಬಯಿಯಲ್ಲಿ ಡೀಸೆಲಿನ ದರ 2024ರ ಜುಲೈಯಲ್ಲಿ 24ರಿಂದ 21ಕ್ಕೆ ಇಳಿಯಿತು.

ಈ ಶೇಕಡಾವಾರು ತೆರಿಗೆ ಬೀಳುವುದು ಕೇಂದ್ರದ ಅಬಕಾರಿ ಸುಂಕವೂ ಸೇರಿದ ಬೆಲೆಯ ಮೇಲೆ. ಕೇಂದ್ರವು ಲೀಟರಿಗೆ 4 ರೂಪಾಯಿ ಏರಿಸಿದರೆ, ನೂರಕ್ಕೆ 25ರಂತೆ ವಸೂಲು ಮಾಡುವ ರಾಜ್ಯಕ್ಕೆ ತಾನು ಬೆರಳೆತ್ತದೆಯೇ ಇನ್ನೊಂದು ರೂಪಾಯಿ ಬರುತ್ತದೆ. ತೆರಿಗೆಯ ಮೇಲಿನ ಈ ತೆರಿಗೆಯನ್ನು ಯಾವ ಶಾಸನಸಭೆಯೂ ಬೇರೆಯಾಗಿ ಚರ್ಚಿಸಿರುವುದಿಲ್ಲ. ಡೀಸೆಲಿನ ತೆರಿಗೆಯನ್ನು ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಲೂ ಆಗದು. ಆದುದರಿಂದ ನಾಸಿಕದ ಈರುಳ್ಳಿಗೆ ತನ್ನ ಮೇಲೆ ತೆರಿಗೆಯಿಲ್ಲದಿದ್ದರೂ, ಅದನ್ನು ಹೊತ್ತು ತಂದ ಲಾರಿಯ ಡೀಸೆಲಿನ ತೆರಿಗೆ ಅಂಟಿಕೊಂಡೇ ಬರುತ್ತದೆ. ಸ್ವಂತ ವಾಹನವಿಲ್ಲದ ಕೂಲಿಕಾರನೂ ಹೀಗೆ ಡೀಸೆಲಿನ ತೆರಿಗೆದಾರನೇ ಆಗಿರುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಜೀವನವೆಚ್ಚದ ಮೇಲೆ ರಾಜ್ಯದ ತೆರಿಗೆಯ ಅತ್ಯಂತ ನೇರವಾದ, ಆದರೆ ಅತ್ಯಂತ ಕಡಿಮೆ ಗುರುತಿಸಲ್ಪಟ್ಟ ಪರಿಣಾಮ ಇದೇ.

ಊರು ಬದಲಿಸುವವರಿಗೆ ವಾಹನ ತೆರಿಗೆಯ ತೊಡಕು ಬೇರೆ. ಆಜೀವ ತೆರಿಗೆಯೆಂಬ ಹೆಸರಿದ್ದರೂ ಅದರ ಜೀವ ರಾಜ್ಯದ ಗಡಿಯವರೆಗೆ ಮಾತ್ರ. ವಾಹನವು ಹನ್ನೆರಡು ತಿಂಗಳಿಗೂ ಮೀರಿ ಬೇರೆ ರಾಜ್ಯದಲ್ಲಿದ್ದರೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆದು ಅಲ್ಲಿಯ ತೆರಿಗೆ ಕಟ್ಟಿ, ಹಳೆಯ ರಾಜ್ಯದಲ್ಲಿ ಉಳಿದ ಅವಧಿಯ ಹಣವನ್ನು ಹಿಂದಕ್ಕೆ ಕೇಳಬೇಕು. 2021ರಲ್ಲಿ ಬಂದ ಬಿಎಚ್ ಸರಣಿಯು ಸರ್ಕಾರಿ ನೌಕರರಿಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಸಂಸ್ಥೆಗಳ ನೌಕರರಿಗೂ ಈ ತೊಡಕನ್ನು ತಪ್ಪಿಸಿತು. ಒಂದೇ ಊರಿನಲ್ಲಿ ಅಂಗಡಿ ಇಟ್ಟುಕೊಂಡವರಿಗೆ ಅದು ಅನ್ವಯಿಸುವುದಿಲ್ಲ.

ತೆರಿಗೆಯ ಹಣ ಜನರಿಗೆ ಮರಳುವ ಬಗೆಯನ್ನು ನೋಡದೆ ಹೊರೆಯ ಲೆಕ್ಕ ಪೂರ್ಣವಾಗದು. ಹೊರನಾಡಿನವರ ಪ್ರಶ್ನೆ ತೀವ್ರವಾಗುವುದು ಇಲ್ಲಿಯೇ. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಹೋಗುವ ಕುಟುಂಬಗಳು ಇಡ್ಲಿ, ಸಾಬೂನು, ಈರುಳ್ಳಿಗಳ ಮೂಲಕ ಆ ರಾಜ್ಯಗಳಿಗೆ ತೆರಿಗೆ ಕೊಡುತ್ತವೆ. ಕೊಡುವಾಗ ವಾಸಸ್ಥಳದ ದಾಖಲೆಯನ್ನು ಯಾರೂ ಕೇಳುವುದಿಲ್ಲ. 2024ರಲ್ಲಿ ಮಹಾರಾಷ್ಟ್ರವು ಹೆಂಗಸರಿಗೆ ತಿಂಗಳಿಗೆ 1,500 ರೂಪಾಯಿ ಕೊಡುವ ಲಾಡ್ಕೀ ಬಹೀಣ್ ಯೋಜನೆಯನ್ನು ಆರಂಭಿಸಿದಾಗ ಆ ರಾಜ್ಯದ ನಿವಾಸಿಯೆಂಬುದಕ್ಕೆ ದಾಖಲೆ ಬೇಕಾಯಿತು. ತೆಲಂಗಾಣದ ಬಸ್ಸುಗಳಲ್ಲಿ 2023ರ ಡಿಸೆಂಬರಿನಿಂದ ಹೆಂಗಸರಿಗೆ ದೊರೆತ ಉಚಿತ ಪ್ರಯಾಣಕ್ಕೂ ಅಲ್ಲಿಯ ನಿವಾಸಿಯೆಂಬ ಗುರುತು ಬೇಕು. ಕರ್ನಾಟಕದ ಶಕ್ತಿ ಯೋಜನೆಯೂ ಇದೇ ನಿಯಮವನ್ನಿಟ್ಟಿರುವುದರಿಂದ ಒಂದು ರಾಜ್ಯವನ್ನು ಮಾತ್ರ ದೂರುವಂತಿಲ್ಲ. ನಮ್ಮಲ್ಲಿಗೆ ಬಂದು ದುಡಿಯುವ ಬಿಹಾರ, ಒಡಿಶಾಗಳವರ ಪಾಡೂ ಅದೇ. ತಮಿಳುನಾಡು ಮಾತ್ರ 2021ರಲ್ಲಿ ಸಾಧಾರಣ ನಗರ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವನ್ನು ತಂದಾಗ ಊರು ಯಾವುದೆಂದು ಕೇಳದೆ ಹತ್ತಿಸಿಕೊಂಡಿತು.

ಪಡಿತರದಲ್ಲಿ ಸ್ವಲ್ಪ ಸುಧಾರಣೆಯಾಗಿದೆ. ಒಂದು ದೇಶ ಒಂದು ಪಡಿತರ ಚೀಟಿಯ ವ್ಯವಸ್ಥೆ 2022ರ ವೇಳೆಗೆ ಎಲ್ಲ ರಾಜ್ಯಗಳಿಗೂ ಹಬ್ಬಿದುದರಿಂದ ಯಾದಗಿರಿಯ ಚೀಟಿಯನ್ನು ಪುಣೆಯ ನ್ಯಾಯಬೆಲೆ ಅಂಗಡಿಯಲ್ಲಿ ತೋರಿಸಿ ಕೇಂದ್ರದ ಪಾಲಿನ ಧಾನ್ಯವನ್ನು ಪಡೆಯಬಹುದು. ಅನ್ನಭಾಗ್ಯದಲ್ಲಿ ಕರ್ನಾಟಕವು ತಾನಾಗಿ ಸೇರಿಸುವ ಹೆಚ್ಚುವರಿ ಪಾಲಿಗೆ ಈ ಸೌಲಭ್ಯವಿಲ್ಲ. ಅದನ್ನು ಊರಿಗೆ ಹೋಗಿಯೇ ತರಬೇಕು.