ಸಿಡಿಲು, ತಂತಿ ಮತ್ತು ನಮ್ಮ ಮನೆ

ಗುಡುಗು ಮೊಳಗಿದೊಡನೆ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಕೊಳ್ಳುವುದು ನಮ್ಮ ನಾಡಿನ ಹಿರಿಯರ ವಾಡಿಕೆ. ಮಲೆನಾಡಿನ ಮುಂಗಾರಿಗೆ ಒಗ್ಗಿದ ಕಿವಿಗಳಿಗೆ ದೆಹಲಿಯ ಗುಡುಗು ಅಷ್ಟಾಗಿ ಅಂಜಿಕೆ ಹುಟ್ಟಿಸದು. ಆದರೆ ಮೇ, ಜೂನ್ ತಿಂಗಳುಗಳಲ್ಲಿ 'ಆಂಧಿ'ಯೆಂಬ ಧೂಳುಗಾಳಿಯೊಡನೆ ಸಿಡಿಲು ಬರುವ ವೇಳೆಗೆ ಇಲ್ಲಿಯ ನೆಲ ಕಾದು ಒಣಗಿರುತ್ತದೆ. ಒಣನೆಲವು ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು.

ಸಾಮಾನ್ಯ ಸಿಡಿಲೊಂದರಲ್ಲಿ ಸುಮಾರು 30,000 ಆಂಪೇರ್ ಪ್ರವಾಹವಿರುತ್ತದೆ. ಅದು ಮನೆಯ ಮೇಲೆಯೇ ಎರಗಬೇಕೆಂದಿಲ್ಲ. ಸಮೀಪದಲ್ಲಿ ಬಿದ್ದರೂ ಉದ್ದನೆಯ ತಾಮ್ರದ ತಂತಿಗಳಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಹುಟ್ಟಬಲ್ಲದು. 1986ರಲ್ಲಿ ಮಹಾನಗರ ಟೆಲಿಫೋನ್ ನಿಗಮವು ರಾಜಧಾನಿಯ ದೂರವಾಣಿಯ ಹೊಣೆ ಹೊತ್ತಾಗ ಮನೆಮನೆಗೆ ಬರುತ್ತಿದ್ದುದು ಇಂತಹ ತಾಮ್ರದ ಜೋಡಿತಂತಿಯೇ. ಗುಡುಗುವಾಗ ರಿಸೀವರನ್ನು ಕಿವಿಗಿಟ್ಟುಕೊಂಡವರಿಗೆ ವಿದ್ಯುದಾಘಾತವಾದುದೂ ಕಿವಿತಮಟೆ ಹರಿದುದೂ ವೈದ್ಯರಿಗೆ ತಿಳಿದ ಸಂಗತಿ.

ಇಂದು ಅನೇಕ ಮನೆಗಳಿಗೆ ಗಾಜಿನ ಎಳೆಯ ಫೈಬರ್ ಬಂದಿದೆ. ಗಾಜು ವಿದ್ಯುತ್ತನ್ನು ಒಯ್ಯದು. ಆದ್ದರಿಂದ ಭಯವಿಲ್ಲವೆಂದು ಹಲವರ ಭಾವನೆ. ಅದು ಅರ್ಧಸತ್ಯ. ಎಳೆ ಕೊನೆಗೊಳ್ಳುವ ಪೆಟ್ಟಿಗೆಗೆ ಗೋಡೆಯ ಪ್ಲಗ್ಗಿನಿಂದಲೇ ವಿದ್ಯುತ್ತು ಬರಬೇಕು. ಅಲ್ಲಿಂದ ಕಂಪ್ಯೂಟರಿಗೂ ತಾರಸಿಯ ಕ್ಯಾಮೆರಾಕ್ಕೂ ಹೋಗುವ ಕೇಬಲ್ ತಾಮ್ರದ್ದೇ. ಡಿಶ್ ಆಂಟೆನಾದ ತಂತಿಯೂ ಅಂತಹುದೇ.

ಇದಕ್ಕೆ ಪರಿಹಾರ 'ಸರ್ಜ್ ಅರೆಸ್ಟರ್'. ಅದರೊಳಗಿನ ಅನಿಲ ತುಂಬಿದ ಪುಟ್ಟ ನಳಿಗೆಯು ಸಾಮಾನ್ಯ ಸಮಯದಲ್ಲಿ ಸುಮ್ಮನಿದ್ದು, ಒತ್ತಡ ಏರಿದೊಡನೆ ಪ್ರವಾಹವನ್ನು ನೆಲಕ್ಕೆ ಹರಿಸುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಮಾತ್ರ ಅದು ಕೇವಲ ಅಲಂಕಾರ. ಬಾಡಿಗೆ ಮನೆಗಳ ಪ್ಲಗ್ಗಿನಲ್ಲಿ ಮೂರನೆಯ ರಂಧ್ರವಿದ್ದರೂ ಅದರ ಹಿಂದೆ ತಂತಿಯೇ ಇಲ್ಲದಿರಬಹುದು! ಏಪ್ರಿಲ್ ಮುಗಿಯುವುದರೊಳಗೆ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ, ಅರ್ಥ್ ಗುಂಡಿಗೆ ನೀರೆರೆಯುವುದು ಒಳಿತು. ವಿದ್ಯುತ್, ದೂರವಾಣಿ, ಡಿಶ್ ಎಲ್ಲದರ ರಕ್ಷಕಗಳೂ ಒಂದೇ ಅರ್ಥಿಂಗಿಗೆ ಸೇರಿರಬೇಕು. ಬೇರೆ ಬೇರೆಯಾದರೆ ಅವುಗಳ ನಡುವಣ ಒತ್ತಡಕ್ಕೆ ಉಪಕರಣವೇ ಬಲಿಯಾಗುತ್ತದೆ.

ಸಿಡಿಲು ತೀರ ಸಮೀಪವಾದರೆ ಯಾವ ರಕ್ಷಕವೂ ಪೂರ್ಣ ಅಭಯವೀಯದು. ಪ್ಲಗ್ಗುಗಳನ್ನು ಬಿಚ್ಚಿಡುವುದೇ ಲೇಸು. ಆದರೆ ಮೋಡ ಕವಿಯುವಾಗಲೇ ಬಿಚ್ಚಬೇಕು, ಗುಡುಗು ಆರಂಭವಾದ ಮೇಲೆ ಮುಟ್ಟಕೂಡದು. ಹೊರಗಿದ್ದವರು ಮರದಡಿ ನಿಲ್ಲಲಾಗದು. 2021ರ ಮಾರ್ಚಿಯಲ್ಲಿ ಗುರುಗ್ರಾಮದ ವಸತಿ ಸಂಕೀರ್ಣವೊಂದರಲ್ಲಿ ಹಾಗೆ ನಿಂತ ನಾಲ್ವರು ತೋಟದ ಕೆಲಸಗಾರರಿಗೆ ಸಿಡಿಲು ಬಡಿದು, ಒಬ್ಬರು ಅಸುನೀಗಿದರು.

ಕೊನೆಯ ಗುಡುಗು ಕೇಳಿದ ಬಳಿಕ 30 ನಿಮಿಷ ಕಾಯುವುದು ಕ್ಷೇಮ. ತಂತಿಗೆ ಎರಡು ತುದಿಗಳುಂಟೆಂಬುದನ್ನೂ ಮರೆಯಲಾಗದು. ದೆಹಲಿಯ ಆಕಾಶ ನಿರ್ಮಲವಾಗಿದ್ದರೂ ಊರಿನಲ್ಲಿ ಗುಡುಗುತ್ತಿದ್ದರೆ, ಅಲ್ಲಿ ತಂತಿಯ ದೂರವಾಣಿ ಹಿಡಿದಿರುವ ವೃದ್ಧ ತಾಯ್ತಂದೆಯರು ಅಪಾಯದಲ್ಲಿರುತ್ತಾರೆ. ಅಂದಿನ ಮಾತನ್ನು ಅಲ್ಲಿಗೇ ನಿಲ್ಲಿಸಿ, ಮಳೆ ನಿಂತ ಮೇಲೆ ಮುಂದುವರಿಸಬಹುದು.