ಕನ್ನಡದ ದೃಶ್ಯಪ್ರಧಾನ ಪ್ರಕಾರಚಿತ್ರಗಳು

ಭೂಗತ ಲೋಕ, ಅಪರಾಧ, ರೋಚಕತೆ ಮೊದಲಾದ ಜನಪ್ರಿಯ ಪ್ರಕಾರಗಳ ಚೌಕಟ್ಟನ್ನು ಉಳಿಸಿಕೊಂಡು, ಕಥೆಯ ಸರಳ ಓಟಕ್ಕಿಂತ ಬಣ್ಣ, ಬೆಳಕು, ಸಂಕಲನ ಮತ್ತು ಶಬ್ದಗಳ ಮೂಲಕ ಅರ್ಥವನ್ನು ಕಟ್ಟುವ ಕನ್ನಡ ಚಲನಚಿತ್ರಗಳನ್ನು ದೃಶ್ಯಪ್ರಧಾನ ಪ್ರಕಾರಚಿತ್ರಗಳೆಂದು ಕರೆಯಬಹುದು. ಇದು ಘೋಷಿತ ಚಳವಳಿಯಲ್ಲ; ಈ ನಿರ್ದೇಶಕರು ಒಂದೇ ಪ್ರಣಾಳಿಕೆಗೆ ಬದ್ಧರಾದವರೂ ಅಲ್ಲ. ೨೦೧೩ರ ನಂತರ ಬಿಡುಗಡೆಯಾದ ಕೆಲವು ಚಿತ್ರಗಳಲ್ಲಿ ಈ ಪ್ರವೃತ್ತಿ ಸ್ಪಷ್ಟವಾಗಿ ಕಾಣಿಸುತ್ತದೆ.

ಹಿನ್ನೆಲೆ

ಜಾಗತಿಕ ಚಿತ್ರರಂಗದಲ್ಲಿ ಈ ಬಗೆಯ ಪ್ರಯೋಗಕ್ಕೆ ದೀರ್ಘ ಇತಿಹಾಸವಿದೆ. ಜರ್ಮನಿಯ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ' (1920) ಚಿತ್ರದ ವಕ್ರವಾದ ಗೋಡೆಗಳು ಮತ್ತು ಬಣ್ಣದಲ್ಲಿ ಬರೆದ ನೆರಳುಗಳು ಪಾತ್ರದ ಮನಃಸ್ಥಿತಿಯನ್ನೇ ರಂಗಸಜ್ಜಿಕೆಯಾಗಿಸಿದವು. ಜಪಾನಿನ ಸೈಜುನ್ ಸುಜುಕಿ 'ಬ್ರಾಂಡೆಡ್ ಟು ಕಿಲ್' (1967) ಎಂಬ ಅಪರಾಧಚಿತ್ರವನ್ನು ಅರ್ಥವಾಗದಂತೆ ಮಾಡಿದ್ದಾರೆಂದು ನಿಕ್ಕಾತ್ಸು ಸಂಸ್ಥೆ ಅವರನ್ನು ಕೆಲಸದಿಂದ ತೆಗೆದುಹಾಕಿತು. ಇಟಲಿಯ ದಾರಿಯೊ ಅರ್ಜೆಂಟೊ ಅವರ 'ಸಸ್ಪೀರಿಯಾ' (1977) ಕಡುಗೆಂಪು ಮತ್ತು ನೀಲಿ ಬೆಳಕಿನಿಂದಲೇ ನೆನಪಿನಲ್ಲಿ ಉಳಿದಿದೆ.

ಕನ್ನಡದಲ್ಲಿ ಪ್ರಯೋಗಶೀಲತೆ ಮೊದಲು ಬೇರೂರಿದ್ದು ಹೊಸ ಅಲೆಯ ಚಿತ್ರಗಳಲ್ಲಿ. 'ಸಂಸ್ಕಾರ' (1970) ಚಿತ್ರಕ್ಕೆ ಆಸ್ಟ್ರೇಲಿಯಾದ ಟಾಮ್ ಕೋವನ್, 'ಘಟಶ್ರಾದ್ಧ' (1977) ಚಿತ್ರಕ್ಕೆ ಎಸ್. ರಾಮಚಂದ್ರ ಛಾಯಾಗ್ರಹಣ ಮಾಡಿದರು. ಆದರೆ ಇವು ಸಾಹಿತ್ಯಕೃತಿಗಳನ್ನು ಆಧರಿಸಿದ ಚಿತ್ರಗಳು. ದೃಶ್ಯವು ಅಲ್ಲಿ ಕಥೆಯ ಸೇವೆಯಲ್ಲಿತ್ತು. ಜನಪ್ರಿಯ ಧಾರೆಯ ಒಳಗಿನಿಂದಲೇ ಕಥನಕ್ರಮವನ್ನು ಒಡೆದವರಲ್ಲಿ ಉಪೇಂದ್ರ ಪ್ರಮುಖರು. ಅವರ 'ಎ' (1998) ಘಟನೆಗಳನ್ನು ಕಾಲಾನುಕ್ರಮ ತಪ್ಪಿಸಿ ಹೇಳಿತು. 'ಸೂಪರ್' (2010) ಚಿತ್ರದ ಶೀರ್ಷಿಕೆಯಲ್ಲಿ ಅಕ್ಷರಗಳಿರಲಿಲ್ಲ, ಬೆರಳುಗಳ ಸನ್ನೆ ಮಾತ್ರ ಇತ್ತು.

ಲೂಸಿಯಾ

ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ' (2013) ಈ ಪ್ರವೃತ್ತಿಯ ತಿರುವುಬಿಂದು. ನಿರ್ಮಾಪಕರ ಬೆಂಬಲ ದೊರೆಯದ ಸಂದರ್ಭದಲ್ಲಿ ನಿರ್ದೇಶಕರು ಅಂತರ್ಜಾಲದ ಮೂಲಕ ಪ್ರೇಕ್ಷಕರಿಗೇ ಮನವಿ ಮಾಡಿ, ಸುಮಾರು 110 ಮಂದಿಯಿಂದ 50 ಲಕ್ಷ ರೂಪಾಯಿಗಳಷ್ಟು ಹಣ ಸಂಗ್ರಹಿಸಿದರು. ಛಾಯಾಗ್ರಾಹಕ ಸಿದ್ಧಾರ್ಥ ನೂನಿ, ಸಂಗೀತ ನಿರ್ದೇಶಕ ಪೂರ್ಣಚಂದ್ರ ತೇಜಸ್ವಿ. ಅದೇ ವರ್ಷ ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಚಿತ್ರವು ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆಯಿತು.

ಚಿತ್ರಮಂದಿರವೊಂದರಲ್ಲಿ ಟಾರ್ಚ್ ಹಿಡಿದು ಪ್ರೇಕ್ಷಕರಿಗೆ ಆಸನ ತೋರಿಸುವ ನಿಕ್ಕಿಗೆ (ಸತೀಶ್ ನೀನಾಸಂ) ನಿದ್ರೆ ಬಾರದು. 'ಲೂಸಿಯಾ' ಎಂಬ ಮಾತ್ರೆ ನುಂಗಿದ ಮೇಲೆ ಅವನು ತಾನೊಬ್ಬ ಖ್ಯಾತ ನಟನಾಗಿರುವ ಕನಸು ಕಾಣತೊಡಗುತ್ತಾನೆ. ನಿಕ್ಕಿಯ ಬದುಕು ವರ್ಣದಲ್ಲಿದೆ, ನಟನ ಬದುಕು ಕಪ್ಪು-ಬಿಳುಪಿನಲ್ಲಿದೆ. ವರ್ಣವೆಂದರೆ ವಾಸ್ತವ, ಕಪ್ಪು-ಬಿಳುಪೆಂದರೆ ಕನಸು ಎಂದು ಪ್ರೇಕ್ಷಕರು ಯಾರೂ ಹೇಳದೆಯೇ ಒಪ್ಪಿಕೊಳ್ಳುತ್ತಾರೆ. ಕೊನೆಯಲ್ಲಿ ಸತ್ಯವು ಇದಕ್ಕೆ ತದ್ವಿರುದ್ಧವೆಂದು ತಿಳಿಯುತ್ತದೆ: ವಾಸ್ತವದಲ್ಲಿ ಇರುವವನು ನಟ, ಸಾಮಾನ್ಯನಾಗಿ, ಹೆಸರಿಲ್ಲದವನಾಗಿ ಬದುಕುವುದೇ ಅವನ ಕನಸು. ಚಿತ್ರದ ರಹಸ್ಯವು ಸಂಭಾಷಣೆಯಲ್ಲಿ ಅಡಗಿಲ್ಲ, ಬಣ್ಣದಲ್ಲಿದೆ. ಮೊದಲ ದೃಶ್ಯದಿಂದಲೂ ಅದು ಕಣ್ಣೆದುರಿಗೇ ಇರುತ್ತದೆ.

ಕರಾವಳಿಯ ಚಿತ್ರಗಳು

ರಕ್ಷಿತ್ ಶೆಟ್ಟಿ ನಿರ್ದೇಶನದ 'ಉಳಿದವರು ಕಂಡಂತೆ' (2014) ಮಲ್ಪೆಯ ಪರಿಸರದಲ್ಲಿ, ಕೃಷ್ಣ ಜನ್ಮಾಷ್ಟಮಿ ಮತ್ತು ಹುಲಿವೇಷದ ಹಿನ್ನೆಲೆಯಲ್ಲಿ ನಡೆಯುತ್ತದೆ. ಒಂದು ಘಟನೆಯನ್ನು ಹಲವರ ನೋಟದಿಂದ ಅಧ್ಯಾಯಗಳಾಗಿ ಹೇಳುವ ಕ್ರಮ ಅಕಿರ ಕುರೊಸಾವ ಅವರ 'ರಾಶೊಮಾನ್' (1950) ಚಿತ್ರವನ್ನು ನೆನಪಿಸುತ್ತದೆ. ಆದರೆ ಇಲ್ಲಿ ಸತ್ಯಶೋಧನೆಗಿಂತ ಕಡಲತೀರದ ಬೆಳಕು, ಚಿತ್ರೀಕರಣದ ಸ್ಥಳದಲ್ಲೇ ಧ್ವನಿಮುದ್ರಿಸಿದ ಕುಂದಾಪುರ-ಉಡುಪಿ ಕಡೆಯ ಮಾತು ಹಾಗೂ ಅಜನೀಶ್ ಲೋಕನಾಥ್ ಅವರ ಸಂಗೀತ ಮೇಲುಗೈ ಪಡೆದಿವೆ. ಛಾಯಾಗ್ರಹಣ ಕರಮ್ ಚಾವ್ಲಾ ಅವರದು. ಬಿಡುಗಡೆಯ ಸಮಯಕ್ಕಿಂತ ನಂತರದ ವರ್ಷಗಳಲ್ಲಿ ಚಿತ್ರಕ್ಕೆ ಹೆಚ್ಚಿನ ಅಭಿಮಾನಿಗಳು ಹುಟ್ಟಿಕೊಂಡರು.

ರಾಜ್ ಬಿ. ಶೆಟ್ಟಿ ಅವರ 'ಗರುಡ ಗಮನ ವೃಷಭ ವಾಹನ' (2021) ಮಂಗಳೂರಿನ ಭೂಗತ ಲೋಕದ ಕಥೆ. ಹರಿ, ಶಿವ ಮತ್ತು ಪೊಲೀಸ್ ಅಧಿಕಾರಿ ಬ್ರಹ್ಮಯ್ಯ ಎಂಬ ಹೆಸರುಗಳೇ ತ್ರಿಮೂರ್ತಿಗಳನ್ನು ಸೂಚಿಸುತ್ತವೆ. ಕಥೆಯನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು. ಶಿವನು ಮಳೆಯಲ್ಲಿ ಹಾಕುವ ಹುಲಿಕುಣಿತದ ಹೆಜ್ಜೆಗಳನ್ನು ಮಾತಿನಲ್ಲಿ ಹೇಳುವುದು ಸುಲಭವಲ್ಲ. ಛಾಯಾಗ್ರಹಣ ಮತ್ತು ಸಂಕಲನ ಎರಡನ್ನೂ ಪ್ರವೀಣ್ ಶ್ರೀಯಾನ್ ನಿರ್ವಹಿಸಿರುವುದರಿಂದ ಚೌಕಟ್ಟಿನ ನಿಧಾನಕ್ಕೂ ಕತ್ತರಿಯ ಲಯಕ್ಕೂ ಹೊಂದಾಣಿಕೆ ಒದಗಿದೆ. ಮಾದೇಶ್ವರನ ಜನಪದ ಗೀತೆ 'ಸೋಜುಗಾದ ಸೂಜುಮಲ್ಲಿಗೆ'ಯನ್ನು ಇಂಥ ಹಿಂಸೆಯ ಕಥೆಯೊಳಗೆ ತಂದದ್ದು ಚಿತ್ರದ ಬಹುಚರ್ಚಿತ ಆಯ್ಕೆಗಳಲ್ಲೊಂದು.

ಸೂರಿಯವರ ಚಿತ್ರಗಳು

ಚಿತ್ರಕಲೆಯ ಹಿನ್ನೆಲೆಯುಳ್ಳ ಸೂರಿ 'ದುನಿಯಾ' (2007) ಚಿತ್ರದಿಂದ ನಿರ್ದೇಶಕರಾದರು. 'ಟಗರು' (2018) ಶಿವರಾಜಕುಮಾರ್ ಅಭಿನಯದ ಪೊಲೀಸ್ ಕಥೆಯಾದರೂ, ಅದರ ಕಾಲಕ್ರಮವನ್ನು ಚೂರುಚೂರಾಗಿಸಿ ಜೋಡಿಸಲಾಗಿದೆ. ಧನಂಜಯ್ ಅಭಿನಯದ 'ಪಾಪ್‌ಕಾರ್ನ್ ಮಂಕಿ ಟೈಗರ್' (2020) ಇನ್ನೂ ಮುಂದೆ ಹೋಯಿತು. ಯಾವ ದೃಶ್ಯ ಹಿಂದಿನದು, ಯಾವುದು ನಂತರದ್ದು ಎಂಬುದನ್ನು ಪ್ರೇಕ್ಷಕರು ನಾಯಕನ ಬದಲಾಗುವ ಚಹರೆಯಂಥ ಸುಳಿವುಗಳಿಂದ ತಾವೇ ಊಹಿಸಿಕೊಳ್ಳಬೇಕು. ಎರಡೂ ಚಿತ್ರಗಳಿಗೆ ಚರಣ್ ರಾಜ್ ಸಂಗೀತ ನೀಡಿದ್ದಾರೆ, ದೀಪು ಎಸ್. ಕುಮಾರ್ ಸಂಕಲನ ಮಾಡಿದ್ದಾರೆ.

ಪ್ರತಿಕ್ರಿಯೆ

ಈ ಚಿತ್ರಗಳ ಮೇಲಿನ ಮುಖ್ಯ ಆಕ್ಷೇಪವೆಂದರೆ ಗೊಂದಲ. ಕಥೆ ಹಿಡಿತಕ್ಕೆ ಸಿಗದಿದ್ದರೆ ಪಾತ್ರದ ನೋವೂ ತಟ್ಟುವುದಿಲ್ಲ ಎಂಬ ವಾದಕ್ಕೆ 'ಪಾಪ್‌ಕಾರ್ನ್ ಮಂಕಿ ಟೈಗರ್' ಹೆಚ್ಚಾಗಿ ಗುರಿಯಾಯಿತು. ರೌಡಿಗಳ ಕ್ರೌರ್ಯವನ್ನು ಸುಂದರವಾಗಿಸುವ ಅಪಾಯವನ್ನೂ ವಿಮರ್ಶಕರು ಎತ್ತಿದ್ದಾರೆ. ದೃಶ್ಯವೈಭವವೇ ಮುಖ್ಯವಾದಾಗ ಕೊಲೆಯಾದವನು ಹಿನ್ನೆಲೆಗೆ ಸರಿಯುತ್ತಾನೆ. 'ಲೂಸಿಯಾ' ಈ ಆಕ್ಷೇಪಗಳಿಂದ ಬಹುಮಟ್ಟಿಗೆ ಪಾರಾದುದಕ್ಕೆ ಕಾರಣ, ಅದರ ದೃಶ್ಯಪ್ರಯೋಗವೇ ಕಥೆಯ ಕೀಲಿಯೂ ಆಗಿರುವುದು. ಈ ಚಿತ್ರಗಳಲ್ಲಿ ಎರಡು ತಮಿಳಿಗೆ ಹೋದವು: 'ಲೂಸಿಯಾ' 'ಎನಕ್ಕುಳ್ ಒರುವನ್' (2015) ಆಗಿ, 'ಉಳಿದವರು ಕಂಡಂತೆ' 'ರಿಚಿ' (2017) ಆಗಿ ಮರುನಿರ್ಮಾಣಗೊಂಡಿವೆ.